ಟ್ರಂಕಿನಿಂದ ಗೋಡೆಗೆ ಬಂದ ಝಟ್ಕಾ ಮಿಷಿನ್

ನಮ್ಮ ಕಡೆ ಯಾರಾದರೂ ದಬಕ್ಕನೆ ಬಿದ್ದರೆ ಮೊದಲು ಏನು ಬರುತ್ತದೆ ಗೊತ್ತೇ? ನೀರಿನ ತಂಬಿಗೆ. ಅದರ ಹಿಂದೆ ಉಳ್ಳಾಗಡ್ಡಿ. ಅದರ ಹಿಂದೆ ಮೂಗಿಗೆ ಹಿಡಿಯಲು ಯಾರದೋ ಹಳೆ ಚಪ್ಪಲಿ. ಆಮೇಲೆ ಇಪ್ಪತ್ತು ಜನ ಸುತ್ತ ನಿಂತು "ಗಾಳಿ ಬಿಡ್ರಿ, ಗಾಳಿ ಬಿಡ್ರಿ" ಎಂದು ಕೂಗುತ್ತಾರೆ, ಒಬ್ಬರೂ ಸರಿಯುವುದಿಲ್ಲ. ನಾನು ಹದಿನಾಲ್ಕು ವರ್ಷದಿಂದ ಆಶಾ ಕಾರ್ಯಕರ್ತೆ. ಈ ಮೆರವಣಿಗೆ ನೋಡಿ ನೋಡಿ ನನ್ನ ತಲೆ ಕೆಟ್ಟು ಹೋಗಿದೆ.

ನನ್ನ ಹೆಸರು ದಾನೇಶ್ವರಿ. ತವರು ಬಸವಕಲ್ಯಾಣದ ಕಡೆ, ಕೊಟ್ಟದ್ದು ಇಲ್ಲಿಗೆ. ನಮ್ಮ ಊರು ಸಾಸ್ತೂರದಿಂದ ಆಚೆ, ಉಮರ್ಗಾ ರಸ್ತೆ ಬಿಟ್ಟು ಒಳಗೆ. ಊರವರು ನನ್ನನ್ನು ಆಶಾತಾಯಿ ಎನ್ನುತ್ತಾರೆ. ನಾನು ಸಿಟ್ಟಿನಿಂದ ಬೈದ ದಿನ ಬೇರೆ ಏನೋ ಎನ್ನುತ್ತಾರೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ನಾನು ಹೇಳಹೊರಟಿದ್ದು ಮಾಣಿಕಪ್ಪ ಕಾಕಾ ಅವರ ವಿಷಯ. ಅರವತ್ತು ವರ್ಷದ ರೈತ, ಗಟ್ಟಿ ಆಳು, ಅಷ್ಟೇ ಗಟ್ಟಿ ಹಟ. ಹೋದ ಬೇಸಿಗೆಯಲ್ಲಿ ಎದೆ ನೋವು ಬಂದು ಸೋಲಾಪುರದ ಆಸ್ಪತ್ರೆಗೆ ಸೇರಿಸಿದರು. ಜೀವ ಉಳಿಯಿತು, ಆದರೆ ಹೃದಯ ಬಲ ಕಳೆದುಕೊಂಡಿತು. ಡಾಕ್ಟರರು ಮುಚ್ಚಿಡದೆ ಹೇಳಿದರು: "ನಿಮ್ಮ ಹೃದಯ ಯಾವಾಗ ಬೇಕಾದರೂ ತಾಳ ತಪ್ಪಿ ಗಕ್ಕನೆ ನಿಲ್ಲಬಹುದು. ಎದೆಯೊಳಗೆ ಒಂದು ಸಣ್ಣ ಯಂತ್ರ ಕೂಡಿಸಬೇಕು. ತಡ ಮಾಡಬೇಡಿ."

ಕಾಕಾ ಕೊಟ್ಟ ಉತ್ತರ ಏನು? "ಸೋಯಾಬೀನ್ ರಾಶಿ ಆಗ್ಲಿ ಸಾಹೇಬ್ರ, ಆಮ್ಯಾಲ ಬರ್ತೀನಿ."

ಹೃದಯ ರಾಶಿಯಾಗುವವರೆಗೆ ಕಾಯುತ್ತದೆಯೇ? ಆದರೆ ಆ ಹಟಮಾರಿಗೆ ಹೇಳುವವರು ಯಾರು? ಕೊನೆಗೆ ಡಾಕ್ಟರರೇ ಇನ್ನೊಂದು ದಾರಿ ತೋರಿಸಿದರು. "ಅಲ್ಲಿಯವರೆಗೆ ಮನೆಯಲ್ಲಿ ಒಂದು ಡಿಫಿಬ್ರಿಲೇಟರ್ ಇಟ್ಟುಕೊಳ್ಳಿ. ಅದನ್ನು ಬಳಸುವುದನ್ನು ಮನೆಯವರೆಲ್ಲ ಕಲಿಯಲಿ." ಮಗ ನೀಲೇಶ ಉಮರ್ಗಾದಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಅವನೇ ಓಡಾಡಿ ತರಿಸಿದ.

ಡಿಫಿಬ್ರಿಲೇಟರ್ ಎನ್ನಲು ನಾಲಿಗೆ ಹೊರಳದೆ ಊರವರು ಅದಕ್ಕೆ ಝಟ್ಕಾ ಮಿಷಿನ್ ಎಂದು ಹೆಸರಿಟ್ಟರು. ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು, ತಾಳ ತಪ್ಪಿದ ಹೃದಯಕ್ಕೆ ಕರೆಂಟಿನ ಹೊಡೆತ ಕೊಟ್ಟು ಮತ್ತೆ ಸರಿಯಾಗಿ ನಡೆಸುತ್ತದೆ. ಮುಚ್ಚಳ ತೆರೆದರೆ ಹಿಂದಿಯಲ್ಲಿ ಮಾತಾಡುತ್ತದೆ. ಒಳಗೆ ಎದೆಗೆ ಅಂಟಿಸುವ ಎರಡು ಪಟ್ಟಿ, ಒಂದು ಕತ್ತರಿ, ಒಂದು ಗುಂಡಿ.

ಅದನ್ನು ನೋಡಿದ ಕೂಡಲೇ ಕಾಕಾ ಅವರ ಹೆಂಡತಿ ರಂಭಾಬಾಯಿ ಹೊಸ್ತಿಲಲ್ಲೇ ನಿಂತುಬಿಟ್ಟರು.

"ಅಯ್ಯ ಶಿವನೇ! ಸಾವಿನ ಸಾಮಾನು ಮನಿಗಿ ತಂದ್ಯಾ ನೀಲ್ಯಾ? ನಿಮ್ಮಪ್ಪ ಇನ್ನಾ ಬದಕ್ಯಾನ!"

ನೀಲೇಶ ನನ್ನ ಮುಖ ನೋಡಿದ. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ.

"ಕಾಕು, ಬದಕಿರ್ಲಿ ಅಂತೇ ತಂದಾನ. ಸ್ವಲ್ಪ ಕೇಳ್ರಿ."

"ಏನ್ ಕೇಳ್ಬೇಕು? ಎದಿ ನೋವು ಬಂದ್ರ ದವಾಖಾನಿಗಿ ಒಯ್ತೀವಿ. ಹ್ವಾದ ಸಲ ಒಯ್ದಿಲ್ಲೇನು?"

"ಹ್ವಾದ ಸಲ ಕಾಕಾಗ ನೋವಿತ್ತು, ಮಾತಾಡ್ಲತ್ತಿದ್ರು, ಗಾಡಿ ಏರಿ ಕುಂತು ಹೋದ್ರು. ಅದಕ್ಕ ಈ ಮಿಷಿನ್ ಬ್ಯಾಡ, ದವಾಖಾನಿನೇ ಬೇಕು. ಇದು ಬ್ಯಾರೆ ಕಾಕು. ಹೃದಯ ಗಕ್ಕನ ನಿಂತು ಬಿಡ್ತದ. ಬಾವಿ ಮ್ಯಾಲಿನ ಮೋಟರು ಗಡಗಡ ನಡಗ್ತದ, ಪೈಪಿನಾಗ ನೀರು ಮಾತ್ರ ಬರಂಗಿಲ್ಲ, ನೋಡೀರಿಲ್ಲ? ಹಂಗ. ಮನಷಾ ಬೀಳ್ತಾನ, ಕರದ್ರ ಓ ಅನ್ನಂಗಿಲ್ಲ, ಉಸರು ಇರಂಗಿಲ್ಲ. ನಾಕೈದು ನಿಮಿಷ ದಾಟಿದ್ರ ಮೆದುಳು ಸಾಯ್ಲಕ ಸುರು ಆಗ್ತದ. ಸಾಸ್ತೂರದಿಂದ ಆಂಬುಲೆನ್ಸ್ ಎಷ್ಟ ಜಲ್ದಿ ಬಂದ್ರೂ ನಾಕು ನಿಮಿಷದಾಗ ಬರ್ತದೇನು?"

ರಂಭಾಬಾಯಿ ಮಿಷಿನ್ನಿನ ಮುಚ್ಚಳ ಬೆರಳಿನಿಂದ ತಟ್ಟಿ ನೋಡಿದರು. ಮತ್ತೆ ಶುರು.

"ತಪ್ಪಿ ಝಟ್ಕಾ ಕೊಟ್ಟು, ನಡಿಯೋ ಎದಿ ನಿಂತ್ರ? ಯಾರು ಜವಾಬ್ದಾರಿ, ನೀ ಏನು?"

"ಅದು ತಾನೇ ಎದಿ ನೋಡ್ತದ ಕಾಕು. ಬೇಕಂದ್ರ ಬೇಕು ಅಂತದ, ಬ್ಯಾಡಂದ್ರ ಬ್ಯಾಡ ಅಂತದ. ಬ್ಯಾಡ ಅಂದಾಗ ನೀವು ಗುಂಡಿ ಎಷ್ಟ್ ಒತ್ತಿದ್ರೂ ಝಟ್ಕಾ ಬರಂಗಿಲ್ಲ."

"ಕರೆಂಟ್ ಹ್ವಾದ್ರ?"

"ಬ್ಯಾಟರಿ ಮ್ಯಾಲ ನಡೀತದ. ಈ ಹಸರು ದೀಪ ದಿನಾ ನೋಡ್ಬೇಕು. ದೀಪ ಮಿಣಕ್ತಿದ್ರ ಮಿಷಿನ್ ಛಲೋ ಅದ ಅಂತ."

"ಇಡ್ರಿ ಅತ್ಯಾ," ಎಂದಳು ಸೊಸೆ ಮೀನಲ. ಅವಳ ತವರು ನಿಲಂಗಾ, ಅರ್ಧ ಮಾತು ಮರಾಠಿ, ಅರ್ಧ ಕನ್ನಡ. "ಮಿ ಶಿಕತೇ. ನಾ ಕಲೀತೀನಿ."

"ಇಡ್ರಿ, ಇಡ್ರಿ. ಎಲ್ಲಾರೂ ಶಾಣ್ಯಾರೇ ಆಗೀರಿ," ಎಂದು ರಂಭಾಬಾಯಿ ಒಳಗೆ ಹೋದರು. ನಾನು ಗೆದ್ದೆ ಅಂದುಕೊಂಡೆ. ಪೆದ್ದಿ ನಾನು.

ಮುಂದಿನ ಶನಿವಾರ ಅವರ ಅಂಗಳದಲ್ಲೇ ಬಚತ್ ಗುಂಪಿನ, ಅಂದರೆ ಉಳಿತಾಯ ಸಂಘದ, ಹೆಂಗಸರನ್ನು ಕೂಡಿಸಿ ಎದೆ ಒತ್ತುವುದನ್ನು ಕಲಿಸಿದೆ. ಗೊಂಬೆ ಎಲ್ಲಿಂದ ತರಲಿ? ತೊಗರಿ ಹೊಟ್ಟು ತುಂಬಿದ ಗೋಣಿ ಚೀಲವೇ ನಮ್ಮ ರೋಗಿ. ಎರಡೂ ಅಂಗೈ ಒಂದರ ಮೇಲೊಂದು, ಎದೆಯ ನಡುವೆ. ಮೊಣಕೈ ಬಗ್ಗಬಾರದು. ಎರಡು ಇಂಚು ಒಳಗೆ ಹೋಗುವ ಹಾಗೆ ಒತ್ತಬೇಕು, ಪೂರಾ ಮೇಲೆ ಬಿಡಬೇಕು. ಒಂದು ನಿಮಿಷಕ್ಕೆ ನೂರು ಸಲದ ಮೇಲೆ, ನೂರಿಪ್ಪತ್ತು ದಾಟಬಾರದು. ಹೆಂಗಸರು ನಗುತ್ತ ನಗುತ್ತ ಒತ್ತಿದರು, ಎರಡು ನಿಮಿಷಕ್ಕೆ ಬೆವತು ಕೂತರು. ಎದುರು ಮನೆಯ ಖಂಡೆಪ್ಪ ಮುತ್ಯಾ ಬೇವಿನ ನೆರಳಲ್ಲಿ ಕೂತು, "ಚೀಲ ಉಳೀತೇನ್ ಆಶಾತಾಯಿ?" ಎಂದು ಕಿಚಾಯಿಸಿದರು.

ಅವತ್ತು ಮಿಷಿನ್ನೂ ಹೊರಗೆ ಬಂತು, ಪಟ್ಟಿ ಎಲ್ಲಿ ಅಂಟಿಸಬೇಕೆಂದು ಎಲ್ಲರೂ ನೋಡಿದರು. ಒಂದು ಬಲಗಡೆ ಕುತ್ತಿಗೆ ಎಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗೆ ಪಕ್ಕೆಗೆ. ಪಟ್ಟಿಯ ಮೇಲೆಯೇ ಚಿತ್ರ ಇದೆ, ಓದು ಬರದವರಿಗೂ ತಿಳಿಯುತ್ತದೆ.

ಎಂಟು ದಿನ ಬಿಟ್ಟು, ಯಾರಿಗೂ ಹೇಳದೆ ಒಂದು ಮುಂಜಾನೆ ಅವರ ಮನೆಗೆ ಹೋದೆ. ಅಂಗಳದಲ್ಲಿ ಗೋಣಿ ಚೀಲ ಎಸೆದು, ಮೊಬೈಲಿನ ಗಡಿಯಾರ ಒತ್ತಿ ಕೂಗಿದೆ: "ಕಾಕಾ ಬಿದ್ದಾರ! ಮಿಷಿನ್ ತರ್ರಿ!"

ಮೀನಲ ಹಿಟ್ಟಿನ ಕೈಯಲ್ಲೇ ಓಡಿ ಬಂದು ಚೀಲ ಒತ್ತತೊಡಗಿದಳು. ಭೇಷ್! ಆದರೆ ಮಿಷಿನ್ ಎಲ್ಲಿ?

"ಟ್ರಂಕಿನಾಗ ಅದ, ಆಶಾತಾಯಿ."

"ತಗಿ ಮತ್ತ!"

"ಕೀಲಿ ಅತ್ಯಾನ ಬಲ್ಲಿ ಅದ. ಅತ್ಯಾ ಹೊಲಕ್ಕ ಹೋಗ್ಯಾರ."

ನನ್ನ ಮೈಯೆಲ್ಲ ಉರಿದುಹೋಯಿತು. ಗಡಿಯಾರ ನಿಲ್ಲಿಸಲಿಲ್ಲ. ಹೊಲಕ್ಕೆ ಫೋನ್ ಹೋಯಿತು, ರಂಭಾಬಾಯಿ ಬಂದರು, ಸೊಂಟದಿಂದ ಕೀಲಿ ತೆಗೆದರು, ಟ್ರಂಕಿನ ಮೇಲಿನ ಕೌದಿ ಇಳಿಸಿದರು, ಬೀಗ ತೆರೆದರು. ಮದುವೆಯ ಇಳಕಲ್ ಸೀರೆ, ಹೊಲದ ಕಾಗದ, ಅದರ ಕೆಳಗೆ ಕೆಂಪು ಖಣದಲ್ಲಿ ಸುತ್ತಿದ ಝಟ್ಕಾ ಮಿಷಿನ್. ಮೇಲೆ ಕುಂಕುಮ ಬೇರೆ. ಗಡಿಯಾರ ನೋಡಿದೆ. ಹದಿನಾಲ್ಕು ನಿಮಿಷ.

"ಹದಿನಾಕು ನಿಮಿಷ ಕಾಕು! ಕಾಕಾನ್ನ ಎತ್ತಿ ಮಣ್ಣಿಗಿ ಒಯ್ಲಕ ಜನಾ ಕೂಡ್ತಿದ್ರು ಇಷ್ಟೊತ್ತಿಗಿ!"

"ಬಾಯಿ ಮುಚ್ಚು! ನನ್ನ ಗಂಡನ ಸಾವಿನ ತಾಲೀಮ್ ಮಾಡ್ಲಕ ಬಂದೀಯೇನು ನಮ್ಮ ಅಂಗಳದಾಗ?"

"ಹೌದು! ಸಾಯಬಾರದು ಅಂತ ತಾಲೀಮ್ ಮಾಡ್ಲತ್ತೀನಿ. ಇಂಥಾದು ಟ್ರಂಕಿನಾಗ ಯಾಕ ಇಟ್ರಿ?"

ರಂಭಾಬಾಯಿಯ ದನಿ ಇಳಿಯಿತು. "ಟ್ರಂಕಿನಾಗ ಇಟ್ಟದ್ದೇ ಉಳೀತದ, ದಾನಾ. ನೀ ಆಗ ಇಲ್ಲಿ ಇದ್ದಿಲ್ಲ."

ನಾನು ತೊಂಬತ್ಮೂರರ ಭೂಕಂಪ ಆಗಿ ಹತ್ತು ವರ್ಷದ ಮೇಲೆ ಈ ಊರಿಗೆ ಬಂದವಳು. ಕೇಳಿ ಗೊತ್ತು, ನೋಡಿ ಗೊತ್ತಿಲ್ಲ. ಗಣಪತಿ ಕಳಿಸಿ ಮಲಗಿದ ಊರು ಬೆಳಗಾಗುವ ಮೊದಲೇ ಕಲ್ಲು ಮಣ್ಣಿನ ಗುಡ್ಡೆಯಾಗಿತ್ತು. ಆಗ ರಂಭಾಬಾಯಿ ಹೊಸ ಮದುಮಗಳು. ಅತ್ತೆ ಹೋದರು, ಮಾವ ಹೋದರು. ಹಿತ್ತಾಳಿ ಭಾಂಡಿ, ತೊಟ್ಟಿಲು, ಫೋಟೊ, ಹೊರಗಿದ್ದುದೆಲ್ಲ ಹೋಯಿತು. ಹನ್ನೊಂದನೇ ದಿನ ಮಣ್ಣು ಸರಿಸಿದಾಗ ತವರಿನ ಕಬ್ಬಿಣದ ಟ್ರಂಕು ಸಿಕ್ಕಿತು, ಬೀಗ ಹಾಕಿದ ಹಾಗೇ ಇತ್ತು. ಅವತ್ತಿನಿಂದ ಈ ಮನೆಯಲ್ಲಿ ಬೆಲೆಯುಳ್ಳದ್ದೆಲ್ಲ ಟ್ರಂಕಿಗೇ. ಬರೀ ಈ ಮನೆಯಲ್ಲಲ್ಲ, ನಮ್ಮ ಊರಲ್ಲಿ ಯಾವ ಮನೆಗೆ ಹೋದರೂ ಮಂಚದ ಕೆಳಗೊಂದು ಟ್ರಂಕು ಕಾಣುತ್ತದೆ. ನಾನು ಮೊಬೈಲಿನ ಗಡಿಯಾರ ನಿಲ್ಲಿಸಿದೆ.

ಅಷ್ಟರಲ್ಲಿ ಹಿಂದಿನಿಂದ ಮಾಣಿಕಪ್ಪ ಕಾಕಾ ಕೇಳಿದರು: "ಎಷ್ಟು ನಿಮಿಷ ಅಂದಿ?"

ಅವರು ಯಾವಾಗ ಬಂದು ನಿಂತಿದ್ದರೋ ಗೊತ್ತಿಲ್ಲ.

"ಹದಿನಾಕು, ಕಾಕಾ."

ಕಾಕಾ ಅಂಗಳದ ಚೀಲವನ್ನೇ ನೋಡುತ್ತ ನಿಂತರು. ಆಮೇಲೆ ಹೆಂಡತಿಗೆ ಹೇಳಿದರು. "ರಂಭಾ, ಅವತ್ತ ನಾ ಈ ಕೈಲೆ ಎಷ್ಟ್ ಮಂದಿನ್ನ ಅಗದು ತಗದೀನಿ, ನಿನಗ ಗೊತ್ತದ. ಲಗೂ ತಗದವರು ಉಳದ್ರು. ಯಾ ಓಣಿಗಿ ಆಮ್ಯಾಲ ಹೋಗಾಮು ಅಂದ್ವಿ, ಆ ಓಣ್ಯಾಗ ಒಬ್ರೂ ಉಳೀಲಿಲ್ಲ. ಟ್ರಂಕು ಹನ್ನೊಂದು ದಿನ ಮಣ್ಣಾಗ ಕಾಯ್ತದ. ಮನಷಾ ಕಾಯಂಗಿಲ್ಲ."

ಒಳಗಿಂದ ಸುತ್ತಿಗೆ ತಂದು, ಪಡಸಾಲೆಯ ಗೋಡೆಗೆ ತಾವೇ ದೊಡ್ಡ ಮೊಳೆ ಹೊಡೆದರು. ರಂಭಾಬಾಯಿ ಖಣ ಬಿಚ್ಚಿ ಮಿಷಿನ್ ಕೈಗೆ ಕೊಟ್ಟರು. ಮುಖ ಗಂಟಿಕ್ಕಿಕೊಂಡೇ ಇತ್ತು, ಆದರೆ ಕೊಟ್ಟರು.

"ಬೀಗ ಇಲ್ಲ, ಬಾಗಿಲ ಇಲ್ಲ. ಕಳುವಾದ್ರ?" ಎಂದರು.

"ಕಳುವಾದ್ರ ನೀಲ್ಯಾಗ ಬೈ. ನಾ ಹ್ವಾದ್ರ ಯಾರಿಗಿ ಬೈತಿ?" ಎಂದರು ಕಾಕಾ.

ಆ ಮೇಲೆ ಪ್ರತಿ ಶನಿವಾರ ತಾಲೀಮು. ಹಳೆ ಊರಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಗಳು, ಕೆಮ್ಮಿದರೆ ಪಕ್ಕದವರು ಕೇಳುತ್ತಿದ್ದರಂತೆ. ಭೂಕಂಪದ ಮೇಲೆ ಕಟ್ಟಿದ ಈ ಹೊಸ ಊರಲ್ಲಿ ಮನೆಗಳ ನಡುವೆ ಎತ್ತಿನ ಗಾಡಿ ತಿರುಗುವಷ್ಟು ಜಾಗ. ಕೂಗಿದರೆ ಗಾಳಿಗೆ ಹೋಗುತ್ತದೆ. ಅದಕ್ಕೇ ಯಾರು ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಪಕ್ಕಾ ಮಾಡಿದೆವು. ಮೊದಲು 108, ಆಮೇಲೆ ನಾನು. ಹದಿನಾಲ್ಕು ನಿಮಿಷ ಇದ್ದದ್ದು ಮೂರಕ್ಕೆ ಬಂತು, ಮೂರರಿಂದ ಒಂದೂವರೆಗೆ ಬಂತು. ನನಗೆ ಹೆಮ್ಮೆಯಾಯಿತು. ಎಲ್ಲ ಕಲಿಸಿದೆ ಅಂದುಕೊಂಡೆ.

ಸೋಯಾಬೀನ್ ರಾಶಿಯ ದಿನಗಳು ಬಂದವು. ಮುಂಜಾನೆ ಒಂಬತ್ತರ ಹೊತ್ತು. ನಾನು ಅಂಗನವಾಡಿಯಲ್ಲಿ ಕೂಸುಗಳ ತೂಕ ಮಾಡುತ್ತಿದ್ದೆ. ಫೋನ್ ಬಂತು. "ಆಶಾತಾಯಿ, ಮಾವಾ ಪಡಲೇ. ಬಿದ್ದಾರ. ತಾಲೀಮ್ ಅಲ್ಲ!" ಅಷ್ಟೇ ಹೇಳಿ ಮೀನಲ ಇಟ್ಟಳು. ಕೂಸನ್ನು ಅದರ ತಾಯಿಯ ಕೈಗೆ ಕೊಟ್ಟು ಬರಿಗಾಲಲ್ಲೇ ಓಡಿದೆ.

ಆದದ್ದು ಹೀಗೆ. ಸ್ನಾನ, ಲಿಂಗಪೂಜೆ, ಊಟ ಎಲ್ಲ ಮುಗಿಸಿ ಕಾಕಾ ಅಂಗಳದಲ್ಲಿ ಸೋಯಾಬೀನ್ ಹರವುತ್ತಿದ್ದರು. ನಿಂತವರು ನಿಂತ ಹಾಗೇ ರಾಶಿಯ ಮೇಲೆ ಬಿದ್ದರು. ಹಿಟ್ಟು ನಾದುತ್ತಿದ್ದ ಮೀನಲ ಓಡಿ ಬಂದು ಭುಜ ಅಲುಗಾಡಿಸಿ ಕರೆದಳು. ಉತ್ತರ ಇಲ್ಲ. ಗಂಟಲಲ್ಲಿ ಮಾತ್ರ ಗರ್, ಗರ್ ಎಂದು ತಡೆತಡೆದು ಸಪ್ಪಳ. ಓಡಿ ಬಂದ ಖಂಡೆಪ್ಪ ಮುತ್ಯಾ "ಉಸರದ, ಉಸರದ!" ಎಂದರು. ಅದು ಉಸಿರಲ್ಲ. ಹೃದಯ ನಿಂತಾಗ ಬರುವ ಬಿಕ್ಕು ಅದು. ಮೀನಲಳಿಗೆ ಇದು ಗೊತ್ತಿತ್ತು. ರಾಶಿಯ ಮೇಲೆ ಒತ್ತಿದರೆ ಮೈ ಕೆಳಗೆ ಇಳಿಯುತ್ತದೆಯೇ ಹೊರತು ಎದೆಗೆ ಭಾರ ಬೀಳುವುದಿಲ್ಲ ಎಂದೂ ಗೊತ್ತಿತ್ತು. ಮುತ್ಯಾನನ್ನು ಗದರಿಸಿ, ಇಬ್ಬರೂ ಸೇರಿ ಕಾಕಾನನ್ನು ಗಟ್ಟಿ ನೆಲಕ್ಕೆ ಎಳೆದರು. 108ಕ್ಕೆ ಹೇಳಿದಳು, ನನಗೆ ಹೇಳಿದಳು. ರಂಭಾಬಾಯಿ ಗೋಡೆಯಿಂದ ಮಿಷಿನ್ ಕಿತ್ತುಕೊಂಡು ಬಂದರು. ಕತ್ತರಿಯಿಂದ ಅಂಗಿ ಕತ್ತರಿಸಿದರು.

ಅಲ್ಲಿ ಎಲ್ಲರ ಕೈ ನಿಂತುಹೋಯಿತು.

ನಾನು ಹೋಗಿ ನೋಡುವಾಗ ಮೀನಲ ಒಂದು ಕೈಯಲ್ಲಿ ಪಟ್ಟಿ ಹಿಡಿದು ಅಳುತ್ತಿದ್ದಾಳೆ. ಮಿಷಿನ್ ಹಿಂದಿಯಲ್ಲಿ ಪಟ್ಟಿ ಅಂಟಿಸಿ, ಪಟ್ಟಿ ಅಂಟಿಸಿ ಎಂದು ಹೇಳುತ್ತಲೇ ಇದೆ. ಕಾಕಾನ ಎದೆಯ ನಟ್ಟನಡುವೆ, ಅಂಗೈ ಇಟ್ಟು ಒತ್ತಬೇಕಾದ ಜಾಗದಲ್ಲೇ, ಬೆಳ್ಳಿಯ ಕರಡಿಗೆ. ಅದರೊಳಗೆ ಅವರ ಇಷ್ಟಲಿಂಗ. ನಮ್ಮ ಮಂದಿ ದೀಕ್ಷೆ ಆದ ದಿನದಿಂದ ಅದನ್ನು ಮೈಯಿಂದ ಬೇರೆ ಮಾಡುವುದಿಲ್ಲ. ಸತ್ತರೂ ಅದರ ಜೊತೆಗೇ ಮಣ್ಣು.

ಗೋಣಿ ಚೀಲದ ಕೊರಳಲ್ಲಿ ಲಿಂಗ ಇರಲಿಲ್ಲ. ಎರಡು ತಿಂಗಳು ತಾಲೀಮು ಮಾಡಿಸಿದ ಈ ಶಾಣ್ಯಾಳಿಗೆ ಅದು ಹೊಳೆದಿರಲಿಲ್ಲ. ನನ್ನ ಕೊರಳಲ್ಲೂ ಲಿಂಗ ಇದೆ, ಆದರೂ ಹೊಳೆಯಲಿಲ್ಲ. ತಪ್ಪು ನನ್ನದು, ಮುಚ್ಚಿಡುವುದಿಲ್ಲ.

"ಮುಟ್ಟಬ್ಯಾಡ್ರಿ!" ಖಂಡೆಪ್ಪ ಮುತ್ಯಾ ತಂಬಿಗೆ ಹಿಡಿದು ಮುಂದೆ ಬಂದರು. "ಲಿಂಗ ತಗದ ಮ್ಯಾಲ ಉಳೂದೇನದ? ಮೊದಲ ಬಾಯಾಗ ತೀರ್ಥ ಬಿಡ್ರಿ."

"ಹನಿ ನೀರು ಬಿಡಬ್ಯಾಡ್ರಿ ಮುತ್ಯಾ, ಉಸರಿನ ನಳಿಗಿಗಿ ಹೋಗ್ತದ!" ಎಂದು ಚೀರಿದೆ. ಆದರೆ ಕರಡಿಗೆಗೆ ಕೈ ಹಾಕಲು ನನಗೂ ಧೈರ್ಯ ಬರಲಿಲ್ಲ.

ರಂಭಾಬಾಯಿ ಮೊಣಕಾಲೂರಿ ಕೂತರು. ಎರಡೂ ಕೈಯಿಂದ ಕರಡಿಗೆ ಎತ್ತಿ ಕಣ್ಣಿಗೆ ಒತ್ತಿಕೊಂಡರು. ದಾರ ಹರಿಯಲಿಲ್ಲ, ಬಿಚ್ಚಲಿಲ್ಲ. ಹಾಗೇ ಎಡ ಹೆಗಲ ಮೇಲಿಂದ ಹಿಂದಕ್ಕೆ ಸರಿಸಿಬಿಟ್ಟರು.

"ಮೈಮ್ಯಾಲೇ ಅದ. ಎಲ್ಲೂ ಹೋಗಿಲ್ಲ. ಮೀನಲಾ, ಒತ್ತು!"

ಮೀನಲ ಒತ್ತಿದಳು. "ಏಕ, ದೋನ, ತೀನ, ಚಾರ..." ನಾನು ಸೆರಗಿನಿಂದ ಎದೆಯ ಬೆವರು ಒರೆಸಿ ಪಟ್ಟಿ ಅಂಟಿಸಿದೆ. ಒಂದು ಬಲಗಡೆ ಮೇಲೆ, ಒಂದು ಎಡಗಡೆ ಪಕ್ಕೆಗೆ. ಒತ್ತುವುದು ನಿಲ್ಲಿಸಿ, ರೋಗಿಯನ್ನು ಮುಟ್ಟಬೇಡಿ ಎಂದಿತು ಮಿಷಿನ್. ಎದೆ ನೋಡಿತು. ಝಟ್ಕಾ ಬೇಕು ಎಂದಿತು. ಗುಂಡಿ ಕೆಂಪಗೆ ಮಿನುಗತೊಡಗಿತು.

"ದೂರ ಸರೀರಿ ಎಲ್ಲಾರೂ! ಕಾಕು, ಕೈ ಬಿಡ್ರಿ!"

ರಂಭಾಬಾಯಿ ಗಂಡನ ಬಲಗೈ ಹಿಡಿದು ಕೂತಿದ್ದರು.

"ಬಿಡಂಗಿಲ್ಲ. ಈ ಕೈನೇ ನನ್ನ ಮಣ್ಣಾಗಿಂದ ಎಳದು ತಗದದ. ನಾ ಹೆಂಗ ಬಿಡ್ಲಿ?"

"ನಿಮಗೂ ಝಟ್ಕಾ ಹೊಡೀತದ ಕಾಕು!"

"ಹೊಡೀಲಿ!"

ಒಂದೊಂದು ಕ್ಷಣ ಹೋಗುತ್ತಿದೆ, ಗುಂಡಿ ಮಿನುಗುತ್ತಿದೆ. ನನಗೆ ಅವರ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಮೀನಲ ಅವರ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದಳು: "ಅತ್ಯಾ, ನೀವು ಬಿಟ್ರೇ ಮಾವಾ ಉಳೀತಾರ. ಬಿಡ್ರಿ ಅತ್ಯಾ."

ರಂಭಾಬಾಯಿ ಕೈ ಬಿಟ್ಟರು. ಆ ಕೈ ನೆಲಕ್ಕೆ ಬಿತ್ತು. ನಾನು ಗುಂಡಿ ಒತ್ತಿದೆ.

ಮೈ ಒಮ್ಮೆ ಜಗ್ಗಿ ಬಿದ್ದಿತು. ಮುತ್ಯಾನ ತಂಬಿಗೆ ಕೈಜಾರಿತು. ಕಾಕಾ ಕಣ್ಣು ಬಿಡಲಿಲ್ಲ. "ಆಗ್ಲಿಲ್ಲ, ಏನೂ ಆಗ್ಲಿಲ್ಲ," ಎಂದು ಮೀನಲ ಅತ್ತಳು. "ಅಳಬ್ಯಾಡ, ಒತ್ತು! ಝಟ್ಕಾ ಆದ ಕೂಡ್ಲೆ ಒತ್ತಬೇಕು!" ಎಂದೆ. ಅವಳ ತೋಳು ಸೋತಾಗ ನಾನು ಕೂತೆ. ನಾನು ಸೋತಾಗ, ಯಾರೂ ಕರೆಯುವ ಮೊದಲೇ ರಂಭಾಬಾಯಿ ನನ್ನನ್ನು ನೂಕಿ ಕೂತರು. ತಾಲೀಮಿನಲ್ಲಿ ಒಂದು ದಿನವೂ ಚೀಲ ಮುಟ್ಟದ ಹೆಂಗಸು, ಕಟ್ಟೆಯ ಮೇಲೆ ಕೂತು ನೋಡಿ ನೋಡಿಯೇ ಕಲಿತಿದ್ದರು. ಮೊಣಕೈ ಬಗ್ಗಲಿಲ್ಲ. "ಒಂದು, ಎರಡು, ಮೂರು... ಏಳ್ರಿ... ಏಳು, ಎಂಟು... ನಾ ಬಿಡಂಗಿಲ್ಲ ನಿಮ್ಗ... ಹತ್ತು..."

ಎರಡು ನಿಮಿಷಕ್ಕೊಮ್ಮೆ ಮಿಷಿನ್ ಎದೆ ನೋಡುತ್ತದೆ. ಎರಡನೇ ಸಲವೂ ಝಟ್ಕಾ ಬೇಕು ಎಂದಿತು. ಈ ಸಲ ಎಲ್ಲರಿಗಿಂತ ಮೊದಲು ದೂರ ಸರಿದವರು ರಂಭಾಬಾಯಿ. "ಸರೀರಿ! ಮುತ್ಯಾ, ಸರೀರಿ!" ಎಂದು ತಾವೇ ಕೂಗಿದರು. ಗುಂಡಿ ಒತ್ತಿ ಮತ್ತೆ ಎದೆಗೆ ಕೈಹಾಕಿದೆವು. ಒಂದು ನಿಮಿಷವೂ ಆಗಿರಲಿಲ್ಲ, ಕಾಕಾ "ಅಂ..." ಎಂದು ನರಳಿದರು. ನನ್ನ ಕೈಯನ್ನು ತಳ್ಳಿದರು. ಅಷ್ಟು ಸಿಹಿಯಾಗಿ ನನ್ನನ್ನು ಯಾರೂ ಯಾವತ್ತೂ ತಳ್ಳಿರಲಿಲ್ಲ. ಅತ್ತುಬಿಟ್ಟೆ.

ಆಂಬುಲೆನ್ಸ್ ಬರುವಷ್ಟರಲ್ಲಿ ಬಿದ್ದು ಹತ್ತೊಂಬತ್ತು ನಿಮಿಷ ಆಗಿತ್ತು. ಗಾಡಿಯವರು ಹೊತ್ತಿಗೇ ಬಂದರು, ದಾರಿಯೇ ಅಷ್ಟು ಉದ್ದ. ಪಟ್ಟಿ ಕೀಳದೆ ಹಾಗೇ ಕಳಿಸಿದೆವು. ಆಸ್ಪತ್ರೆಯಲ್ಲಿ ಡಾಕ್ಟರರು ಕೇಳಿದ ಮೊದಲ ಮಾತು: "ಎದೆ ಒತ್ತಿದವರು ಯಾರು?" ಮೀನಲ ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿದಳು. ಅವಳ ಕೈಯಲ್ಲಿ ಇನ್ನೂ ಒಣಗಿದ ಹಿಟ್ಟಿತ್ತು.

ಸೋಲಾಪುರದಲ್ಲಿ ಎದೆಯೊಳಗೆ ಯಂತ್ರ ಕೂಡಿಸಿಕೊಂಡು ಕಾಕಾ ಹದಿನೈದು ದಿನಕ್ಕೆ ಮನೆಗೆ ಬಂದರು. ಬಂದವರೇ ಜಗಳ ತೆಗೆದರು.

"ನನ್ನ ಹೊಸ ಅಂಗಿ ಯಾರು ಕತ್ತರಿಸಿದ್ರು? ಪಕ್ಕೆಲಬು ಬ್ಯಾರೆ ಒಂದು ಮುರದೀರಂತ."

"ಮುರೀಲಿ," ಎಂದರು ರಂಭಾಬಾಯಿ. "ಎಲಬು ಕೂಡ್ತದ. ನಿಮ್ಮ ರಾಶಿ ಹಾದಿ ಕಾಯ್ಕೋತ ಕುಂತಿದ್ರ ನೀವು ಕೂಡ್ತಿದ್ದಿಲ್ಲ."

ಆ ಶನಿವಾರ ಗುಂಪಿನ ಸಭೆಗೆ ರಂಭಾಬಾಯಿ ಎಲ್ಲರಿಗಿಂತ ಮೊದಲು ಬಂದರು. ನಾನು ಚೀಲ ಹಾಸುವಾಗ ಅವರು ಒಂದು ಹಗ್ಗ ತಂದು, ಅದಕ್ಕೊಂದು ಡಬ್ಬಿ ಕಟ್ಟಿ ಚೀಲದ ಕೊರಳಿಗೆ ಹಾಕಿದರು. "ಹಿಂಗ ಕಲಸು. ತಾಳಿ ಇರ್ತದ, ಲಿಂಗ ಇರ್ತದ, ತಾಯತ ಇರ್ತದ. ಹರೀಬ್ಯಾಡ್ರಿ, ಬಿಚ್ಚಬ್ಯಾಡ್ರಿ. ಪಟ್ಟಿಗಿ ತಾಕದಂಗ ಸರಸ್ರಿ, ಅಷ್ಟೇ. ಹೆಣ್ಮಕ್ಕಳು ಬಿದ್ರೂ ಹಿಂಗೇ. ನಾಚ್ಕೊಂಡು ಕುಂದ್ರಬ್ಯಾಡ್ರಿ, ಜಂಪರ್ ಕತ್ತರಸ್ರಿ, ಮ್ಯಾಲ ಒಂದು ಸೆರಗು ಹಿಡೀರಿ." ನಾನು ಹದಿನಾಲ್ಕು ವರ್ಷ ಕಲಿತದ್ದಕ್ಕಿಂತ ಹೆಚ್ಚು ಅವರು ಅವತ್ತು ಒಂದೇ ದಿನದಲ್ಲಿ ಕಲಿಸಿದರು.

ಬಳಸಿದ ಪಟ್ಟಿ ಮತ್ತೆ ಕೆಲಸಕ್ಕೆ ಬರುವುದಿಲ್ಲ, ನೀಲೇಶ ಹೊಸದು ತಂದು ಹಾಕಿದ. ಪಟ್ಟಿಗೂ ಬ್ಯಾಟರಿಗೂ ತಾರೀಖು ಇರುತ್ತದೆ, ಅದನ್ನು ಮೀನಲ ಗೋಡೆಯ ಮೇಲೇ ಬರೆದಿದ್ದಾಳೆ. ಕಾಕಾಗೆ ಈಗ ಎದೆಯೊಳಗೇ ಯಂತ್ರ ಇದೆ. ಆದರೂ ಪಡಸಾಲೆಯ ಮಿಷಿನ್ ಇಳಿಸಬೇಡಿ ಎಂದರು ರಂಭಾಬಾಯಿ. ಅದು ಈಗ ಓಣಿಗೆಲ್ಲ ಸೇರಿದ್ದು.

ಸಭೆ ಮುಗಿಯುವಾಗ ಖಂಡೆಪ್ಪ ಮುತ್ಯಾ ಧೋತರದ ಕಚ್ಚೆ ಬಿಗಿದು ಚೀಲದ ಮುಂದೆ ಬಂದು ನಿಂತರು. ಎಪ್ಪತ್ತೆರಡು ವರ್ಷ.

"ನನಗೂ ಕಲಸು, ಆಶಾತಾಯಿ. ಮನಿಯಾಗ ನಾನು, ಮಾಳಮ್ಮ, ಇಬ್ರೇ. ಅಕಿಗಿ ಏನರೆ ಆದ್ರ ಅವತ್ತಿನಂಗ ತಂಬಗಿ ಹಿಡ್ಕೊಂಡು ನಿಂದ್ರೂದು ನನಗ ಬ್ಯಾಡ."

ಯಾರೂ ನಗಲಿಲ್ಲ. ಮುತ್ಯಾ ಕೂತರು, ಒತ್ತಿದರು. ಐವತ್ತಕ್ಕೆ ಉಸಿರು ಹತ್ತಿತು. ಹೆಂಡತಿ ಮಾಳಮ್ಮ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದರು. ಮುತ್ಯಾ ದಣಿದಾಗ ಎದುರು ಮನೆಯ ಮೀನಲ ಓಡಿ ಬರಬೇಕು ಎಂದು ಅಲ್ಲೇ ತೀರ್ಮಾನ ಆಯಿತು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಗುಂಪಿನಲ್ಲಿ ಕೂತು ಕೇಳುತ್ತಿರುವವರೇ, ನಿಮ್ಮ ಮನೆಯಲ್ಲಿ ಹೃದಯದ ಕಾಯಿಲೆಯವರು ಇದ್ದರೆ ಡಾಕ್ಟರರನ್ನು ನೇರವಾಗಿ ಕೇಳಿ, ಮನೆಯಲ್ಲಿ ಈ ಮಿಷಿನ್ ಇಡಬೇಕೇ ಎಂದು. ಒಬ್ಬರ ಕೈಲಾಗದಿದ್ದರೆ ಓಣಿ ಕೂಡಿ ಇಡಿ, ಗ್ರಾಮ ಪಂಚಾಯತಿಯನ್ನು ಕೇಳಿ. ಇಟ್ಟರೆ ಬೀಗ ಹಾಕಬೇಡಿ. ಮಿಷಿನ್ ಇಲ್ಲದ ಮನೆಯಲ್ಲೂ ಕೈ ಇವೆ. ಬಿದ್ದವರು ಕರೆದರೆ ಓ ಎನ್ನದಿದ್ದರೆ, ಉಸಿರು ಸರಿಯಾಗಿ ಇಲ್ಲದಿದ್ದರೆ 108ಕ್ಕೆ ಹೇಳಿ, ಗಟ್ಟಿ ನೆಲದ ಮೇಲೆ ಮಲಗಿಸಿ ಒತ್ತಲು ಶುರು ಮಾಡಿ. ಮಿಷಿನ್ ಅಥವಾ ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ.

ಈ ಹಾಳೆ ಓದಿ ಮುಗಿದ ಮೇಲೆ ಯಾರೂ ಚಹಾಕ್ಕೆ ಏಳಬೇಡಿ. ಒಂದು ಗೋಣಿ ಚೀಲಕ್ಕೆ ಹೊಟ್ಟು ತುಂಬಿಸಿ ನಡುವೆ ಹಾಕಿ. ನಿಮ್ಮ ಊರಿನ ಆಶಾತಾಯಿಯನ್ನು ಕರೆಯಿರಿ. ನಿಮ್ಮ ಮನೆಯಲ್ಲಿ ನಾಳೆ ಬೀಳುವವರು ಯಾರೆಂದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಒತ್ತುವವರು ಯಾರೆಂದು ಇವತ್ತೇ ಗೊತ್ತಾಗಬೇಕು. ಹೇಳಿ, ಮೊದಲು ಯಾರು ಬರುತ್ತೀರಿ?